ವ್ಯಾನೋ ಪಿಕಪ್ಪೋ, ಸ್ವಂತಕ್ಕೋ ಲೀಸಿಗೋ? ಕಂತು ಬಿಟ್ಟು ಉಳಿದ ಖರ್ಚು ಹೇಳಿ

ಉಳಿ-ಬಾಚಿ

ಎಲ್ಲರಿಗೂ ನಮಸ್ಕಾರ. ಮರಗೆಲಸ ನನ್ನದು. ಇದುವರೆಗೆ ಸಾಮಾನು ಸಾಗಿಸಬೇಕಾದಾಗ ಬಾಡಿಗೆ ಗಾಡಿ ತರಿಸುತ್ತಿದ್ದೆ. ಈಗ ಕೆಲಸ ಜಾಸ್ತಿಯಾಗಿದೆ, ಬೇಕಾದ ದಿನ ಗಾಡಿ ಸಿಗುವುದಿಲ್ಲ. ಮೂರು ದಾರಿ ಕಾಣುತ್ತಿದೆ. ಸಾಲ ಮಾಡಿ ಹೊಸದು ತೆಗೆದುಕೊಳ್ಳುವುದು, ನಾಲ್ಕು ವರ್ಷಕ್ಕೆ ಲೀಸಿಗೆ (ತಿಂಗಳ ಕಂತು ಕಟ್ಟಿ ಓಡಿಸಿ ಕೊನೆಗೆ ವಾಪಸ್ ಕೊಡುವ ಕರಾರು) ಪಡೆಯುವುದು, ಇಲ್ಲವೇ ಕೈಯಲ್ಲಿರುವ ದುಡ್ಡಿಗೆ ಹಳೆಯದೊಂದನ್ನು ಕೊಳ್ಳುವುದು.

ಲೀಸಿನ ಕಂತು ಸಾಲದ ಕಂತಿಗಿಂತ ಮೂರನೇ ಒಂದು ಭಾಗ ಕಮ್ಮಿ ಬರುತ್ತಿದೆ. ಹಾಗಾದರೆ ಲೀಸೇ ಅಗ್ಗ ಅಲ್ವಾ? ಇಷ್ಟು ಸುಲಭ ಆಗಿದ್ದರೆ ಎಲ್ಲರೂ ಅದನ್ನೇ ಮಾಡುತ್ತಿದ್ದರು ಅಂತಲೂ ಅನ್ನಿಸುತ್ತದೆ. ಗೊತ್ತಿರುವವರು ಹೇಳಿ.

ಲೆಕ್ಕದ ಪುಸ್ತಕ

ಕಂತು ಕಮ್ಮಿ, ಖರ್ಚು ಕಮ್ಮಿ ಅಲ್ಲ. ಎರಡೂ ಬೇರೆ.

ಸಾಲದಲ್ಲಿ ನೀವು ಇಡೀ ಗಾಡಿಯ ಬೆಲೆ ತೀರಿಸುತ್ತೀರಿ. ಲೀಸಿನಲ್ಲಿ ಬೆಲೆ ಎಷ್ಟು ಇಳಿಯುತ್ತದೋ ಅಷ್ಟನ್ನು ಮಾತ್ರ ತೀರಿಸುತ್ತೀರಿ, ಜೊತೆಗೆ ಬಡ್ಡಿ. ಗಾಡಿಯ ಬೆಲೆ 100 ಅಂತ ಇಟ್ಟುಕೊಳ್ಳಿ. ನಾಲ್ಕು ವರ್ಷ ಆದ ಮೇಲೆ 46ಕ್ಕೆ ಹೋಗುತ್ತದೆ ಅನ್ನಿ. ಬಡ್ಡಿ ಎರಡೂ ಕಡೆ ವರ್ಷಕ್ಕೆ ಶೇ. 8. ಸಾಲದ ಕಂತು ತಿಂಗಳಿಗೆ 2.44 ಆಗುತ್ತದೆ, 48 ಕಂತು ಸೇರಿ 117. ಲೀಸಿನ ಕಂತು ಸುಮಾರು 1.62, ಒಟ್ಟು 78. ನಿಮ್ಮ ಕಣ್ಣಿಗೆ ಕಂಡ ಮೂರನೇ ಒಂದು ಭಾಗ ಇದೇ.

ಈಗ ಸಾಲದವನ ಅಂಗಳದಲ್ಲಿ ಒಂದು ಗಾಡಿ ನಿಂತಿದೆ, 46 ಬೆಲೆಯದ್ದು. ಅದನ್ನು ಮಾರಿದರೆ ಅವನ ಖರ್ಚು 71. ಲೀಸಿನವನ ಕೈಯಲ್ಲಿ ಏನೂ ಇಲ್ಲ, ಖರ್ಚು 78. ನಡುವಿನ 7 ಬರೀ ಬಡ್ಡಿ. ಸಾಲದವನು ಅಸಲು ಬೇಗ ತೀರಿಸುತ್ತಾ ಬಂದ. ಲೀಸಿನಲ್ಲಿ ಆ 46ರ ಅಸಲು ತೀರುವುದೇ ಇಲ್ಲ, ಅದರ ಬಡ್ಡಿ ಮಾತ್ರ ಕೊನೆತನಕ ಓಡುತ್ತದೆ.

ಹಾಗಂತ ಲೀಸ್ ಮೋಸ ಅಲ್ಲ. ಲೀಸಿನವನ ಕೈಯಲ್ಲಿ ಪ್ರತಿ ತಿಂಗಳು 0.82 ಜಾಸ್ತಿ ಉಳಿಯಿತು. ಆ ದುಡ್ಡಿನಲ್ಲಿ ಮರ ಕೊಂಡು ಶೇ. 8ಕ್ಕಿಂತ ಜಾಸ್ತಿ ದುಡಿಸಿದರೆ ಅವನೇ ಗೆದ್ದ. ಇನ್ನೊಂದು, ನಾಲ್ಕು ವರ್ಷದ ನಂತರ ಮಾರುಕಟ್ಟೆ ಬಿದ್ದು ಗಾಡಿ 46ರ ಬದಲು 35ಕ್ಕೆ ಹೋದರೆ ಆ ಪೆಟ್ಟು ಲೀಸ್ ಕೊಟ್ಟವನಿಗೆ. ಸ್ವಂತದ್ದಾದರೆ ನಿಮಗೆ. ಆದರೆ ಒಪ್ಪಂದ ಓದಿ ನೋಡಿ. ಕೆಲವು ಲೀಸುಗಳಲ್ಲಿ ಕೊನೆಯ ಬೆಲೆಯ ಹೊಣೆಯನ್ನೂ ನಿಮ್ಮ ತಲೆಗೇ ಕಟ್ಟಿರುತ್ತಾರೆ. ಅಂಥದ್ದಕ್ಕೆ ಲೀಸ್ ಅನ್ನುವ ಹೆಸರು ಮಾತ್ರ, ಒಳಗೆ ಸಾಲವೇ.

ಸಾಲ ಕೊಡುವವರು ಬಡ್ಡಿ ಹೇಳುವಾಗ "ಫ್ಲಾಟ್" ಅಂದರೆ ಅಲ್ಲೇ ನಿಲ್ಲಿಸಿ ಕೇಳಿ. ಐದು ವರ್ಷಕ್ಕೆ ಶೇ. 10 ಫ್ಲಾಟ್ ಅಂದರೆ, ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದಾಗ ಶೇ. 17 ದಾಟುತ್ತದೆ. ತೀರಿಸಿದ ಅಸಲಿಗೂ ಬಡ್ಡಿ ಕಟ್ಟುತ್ತಿರುತ್ತೀರಿ.

ತಂತಿ-ಬಲ್ಬು

ಲೆಕ್ಕದ ಸರ್ ಹೇಳಿದ್ದು ಸರಿ, ಆದರೆ ಲೀಸಿನ ನಿಜವಾದ ಖರ್ಚು ಕಾಣುವುದು ವಾಪಸ್ ಕೊಡುವ ದಿನ. ನಾನು ವೈರಿಂಗ್ ಕೆಲಸದವನು, ಒಂದು ವ್ಯಾನ್ ಲೀಸ್ ಮುಗಿಸಿದ್ದೇನೆ.

ಒಳಗೆ ಶೆಲ್ಫ್ ಕೂರಿಸಲು ಗೋಡೆಗೆ ತೂತು ಹೊಡೆದರೆ ಒಂದೊಂದು ತೂತೂ ಲೆಕ್ಕ. ಬಾಗಿಲ ಮೇಲೆ ಅಂಗಡಿ ಹೆಸರಿನ ಸ್ಟಿಕ್ಕರ್ ಅಂಟಿಸಿದ್ದರೆ, ಕಿತ್ತಾಗ ಅದರಡಿಯ ಬಣ್ಣ ಹೊಸದಾಗಿ, ಸುತ್ತಲಿನದು ಮಾಸಿದಂತೆ ಕಾಣುತ್ತದೆ. ಅದಕ್ಕೂ ದುಡ್ಡು. ಸರಕಿನ ಜಾಗದ ತಗ್ಗು, ಸೀಟಿನ ಹರಕು, ಕಳೆದ ಎರಡನೇ ಕೀ, ಮುದ್ರೆ ಬೀಳದ ಸರ್ವಿಸ್ ಪುಸ್ತಕ, ಎಲ್ಲದಕ್ಕೂ ಒಂದೊಂದು ಸಾಲು ಬರೆದು ಬಿಲ್ ಕೊಟ್ಟರು. ಒಪ್ಪಂದದಲ್ಲಿ "ಸಹಜ ಸವೆತ" ಬಿಟ್ಟು ಉಳಿದದ್ದಕ್ಕೆ ಅಂತ ಇರುತ್ತದೆ. ಸಹಜ ಯಾವುದು ಅಂತ ತೀರ್ಮಾನ ಮಾಡುವವರು ಅವರೇ. ತೆಗೆದುಕೊಂಡ ದಿನದ ಫೋಟೋ ಇದ್ದದ್ದರಿಂದ ಒಂದಷ್ಟು ಕಡಿಮೆ ಮಾಡಿಸಿದೆ. ಗಾಡಿ ಕೈಗೆ ಬಂದ ಕೂಡಲೇ ಒಳಗೂ ಹೊರಗೂ ಫೋಟೋ ತೆಗೆದಿಡಿ.

ಇನ್ನು ಕಿ.ಮೀ. ಮಿತಿ. ದಾಟಿದ ಪ್ರತಿ ಕಿ.ಮೀ.ಗೆ ದಂಡ. ಕಡಿಮೆ ಓಡಿಸಿದರೆ ವಾಪಸ್ ಕೊಡುವುದು ಅಪರೂಪ. ಮಧ್ಯದಲ್ಲಿ ಬೇಡ ಅಂದರೆ ಉಳಿದ ಕಂತುಗಳಲ್ಲಿ ದೊಡ್ಡ ಪಾಲು ಕಟ್ಟಿಯೇ ಬಿಡಬೇಕು. ಕೆಲಸ ನಿಂತರೂ ಕಂತು ನಿಲ್ಲುವುದಿಲ್ಲ.

ಸ್ಟೆಪ್ನಿ

ಇದಕ್ಕೇ ನಾನು ಹೇಳುವುದು, ಹಳೇ ವ್ಯಾನ್ ಕೊಳ್ಳಿ ಅಣ್ಣಾ. ಹೊಸ ಗಾಡಿಯ ಅತಿ ದೊಡ್ಡ ಖರ್ಚು ಡೀಸೆಲ್ಲೂ ಅಲ್ಲ ರಿಪೇರಿಯೂ ಅಲ್ಲ, ಬೆಲೆ ಇಳಿಯುವುದು. ಅದಕ್ಕೆ ಯಾರೂ ರಸೀತಿ ಕೊಡುವುದಿಲ್ಲ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಮೊದಲ ಒಡೆಯ ಅದನ್ನು ಹೊತ್ತಾಗಿದೆ. ನೀವು ಆಮೇಲೆ ಆರಾಮಾಗಿ ಓಡಿಸಿ. ಕಂತಿಲ್ಲ, ದಂಡ ಇಲ್ಲ, ತೂತು ಎಷ್ಟು ಬೇಕಾದರೂ ಹೊಡೆಯಿರಿ. ನನ್ನ ಗಾಡಿ ಈಗ ನನಗೆ ಪುಕ್ಕಟೆ ಓಡುತ್ತಿದೆ.

ಗ್ರೀಸ್ ಕೈ

ಪುಕ್ಕಟೆ ಓಡುವ ಗಾಡಿ ನನ್ನ ಗ್ಯಾರೇಜಿಗೆ ಇನ್ನೂ ಬಂದಿಲ್ಲ ಗುರುಗಳೇ :)

ಹಳೇ ಗಾಡಿಗೆ ನಾನು ವಿರೋಧಿ ಅಲ್ಲ, ನನ್ನ ಅನ್ನ ಅದರಲ್ಲೇ ಇದೆ. ಆದರೆ ಕೊಳ್ಳುವವರು ಬೆಲೆ ಕೇಳುತ್ತಾರೆ, ಮುಂದೆ ಬರುವ ಕೆಲಸ ಕೇಳುವುದಿಲ್ಲ.

ಮೊದಲು ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ಪಿಸ್ಟನ್, ವಾಲ್ವ್ ಎರಡನ್ನೂ ಒಂದೇ ತಾಳಕ್ಕೆ ಓಡಿಸುವ ರಬ್ಬರ್ ಪಟ್ಟಿ. ಅದಕ್ಕೆ ಕಿ.ಮೀ. ಮಿತಿಯೂ ಇದೆ, ವರ್ಷದ ಮಿತಿಯೂ ಇದೆ, ಯಾವುದು ಮೊದಲು ಬರುತ್ತದೋ ಅದು. "ಕಮ್ಮಿ ಓಡಿದೆ" ಅಂತ ಸುಮ್ಮನಿದ್ದರೆ ರಬ್ಬರ್ ವಯಸ್ಸಾಗಿ ಹರಿಯುತ್ತದೆ. ಇವತ್ತಿನ ಹೆಚ್ಚಿನ ಡೀಸೆಲ್ ಎಂಜಿನ್‌ಗಳಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡೆಯುತ್ತದೆ. ಬೆಲ್ಟಿನ ಖರ್ಚು ಎಂಜಿನ್ನಿನ ಖರ್ಚಾಗುತ್ತದೆ. ಬದಲಾಯಿಸಿದ ಬಿಲ್ ಇಲ್ಲದಿದ್ದರೆ, ಬದಲಾಯಿಸಿಲ್ಲ ಅಂತಲೇ ತಿಳಿದು ಆ ಖರ್ಚನ್ನು ಗಾಡಿ ಬೆಲೆಗೆ ಸೇರಿಸಿ. ಬೆಲ್ಟ್ ಬಿಚ್ಚಿದಾಗ ಅದನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪ್ ಕೂಡ ಹಾಕಿಸಿಬಿಡಿ. ಬಿಚ್ಚಿ ಜೋಡಿಸುವ ಕೂಲಿಯೇ ದೊಡ್ಡದು, ಅದನ್ನು ಎರಡು ಸಲ ಯಾಕೆ ಕೊಡುತ್ತೀರಿ.

ಕ್ಲಚ್ಚಿನದೂ ಅದೇ ಕಥೆ. ಲೋಡ್ ಹೊತ್ತು ಟ್ರಾಫಿಕ್‌ನಲ್ಲಿ ಹಾಫ್ ಕ್ಲಚ್ ಓಡಿಸುವ ಗಾಡಿಗಳಲ್ಲಿ ಬೇಗ ಹೋಗುತ್ತದೆ. ಪ್ಲೇಟ್ ಒಂದೇ ಹಾಕಿದರೆ ಸಾಲದು, ರಿಲೀಸ್ ಬೇರಿಂಗ್ ಸಹ ಹಾಕಬೇಕು. ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ನಿನ ಅದುರು ತಗ್ಗಿಸುವ ಎರಡು ತುಂಡಿನ ಚಕ್ರ) ಇರುವ ಗಾಡಿಯಾದರೆ ಅದನ್ನೂ ಪರೀಕ್ಷೆ ಮಾಡಿಸಬೇಕು. ಅದು ಕ್ಲಚ್‌ಗಿಂತ ದುಬಾರಿ ಆಗಬಹುದು.

ಟೈರ್ ನೋಡುವಾಗ ಜನ ಬರೀ ಗ್ರಿಪ್ ನೋಡುತ್ತಾರೆ. ಪಕ್ಕದ ಗೋಡೆಯ ಮೇಲೆ DOT ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಅಳತೆ ಬರೆದ ಪಕ್ಕ ಲೋಡ್ ಇಂಡೆಕ್ಸ್, ಅಂದರೆ ಭಾರದ ಸಂಕೇತ ಸಂಖ್ಯೆ ಇರುತ್ತದೆ. 91 ಅಂದರೆ ಒಂದು ಟೈರ್ 615 ಕೆ.ಜಿ. ಹೊರುತ್ತದೆ, 104 ಅಂದರೆ 900, 109 ಅಂದರೆ 1030. ಅಳತೆ ಒಂದೇ ಅಂತ ಕಾರಿನ ಟೈರನ್ನು ವ್ಯಾನಿಗೆ ಹಾಕಿರುವುದನ್ನು ನಾನು ನೋಡುತ್ತಲೇ ಇರುತ್ತೇನೆ. ಅಗ್ಗಕ್ಕೆ ಸಿಕ್ಕಿತು ಅನ್ನುತ್ತಾರೆ. ಲೋಡ್ ಹಾಕಿದ ದಿನ ಬಿಸಿಯಾಗಿ ಸಿಡಿಯುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಖರ್ಚು ಸಣ್ಣದು, ಬಿಟ್ಟರೆ ಕ್ಯಾಲಿಪರ್ ಒಳಗೆ ತುಕ್ಕು ಹಿಡಿಯುತ್ತದೆ.

ಸ್ಟೆಪ್ನಿ

ಇಷ್ಟೆಲ್ಲ ಮಾಡಿಸಿದರೂ ಹೊಸ ಗಾಡಿಯ ಒಂದು ವರ್ಷದ ಇಳಿಕೆಗೆ ಸಮ ಆಗುವುದಿಲ್ಲ ಅಲ್ವಾ?

ಗ್ರೀಸ್ ಕೈ

ಬಹಳ ಸಲ ಆಗುವುದಿಲ್ಲ, ಒಪ್ಪಿದೆ. ಆದರೆ ನೀವು ಒಂದನ್ನು ಸೇರಿಸಿಲ್ಲ. ಗಾಡಿ ನನ್ನ ಗ್ಯಾರೇಜಿನಲ್ಲಿ ನಿಂತ ದಿನ ನಿಮ್ಮ ಕೆಲಸವೂ ನಿಲ್ಲುತ್ತದೆ. ಪಾರ್ಟ್ ಬರಲಿಲ್ಲ ಅಂತ ಇನ್ನೂ ನಾಲ್ಕು ದಿನ. ಆಗ ಬಾಡಿಗೆ ಗಾಡಿ ತರಬೇಕು, ಇಲ್ಲ ಗಿರಾಕಿಗೆ ಕಾರಣ ಹೇಳಬೇಕು. ಅದರ ಬಿಲ್ ನಾನು ಬರೆಯುವುದಿಲ್ಲ, ಆದರೂ ಖರ್ಚು ನಿಮ್ಮದೇ. ವಾರಕ್ಕೆ ಎರಡು ಸಲ ಓಡುವ ಗಾಡಿಗೆ ಇದು ದೊಡ್ಡದಲ್ಲ. ದಿನಾ ಬೆಳಿಗ್ಗೆ ಸರಕು ಹೊರಡಲೇಬೇಕು ಅನ್ನುವವರಿಗೆ ಇದೇ ಎಲ್ಲಕ್ಕಿಂತ ದೊಡ್ಡದು.

@ಉಳಿ-ಬಾಚಿ, ನಿಮ್ಮದು ಯಾವುದು? ಎಷ್ಟು ದೂರ, ಎಷ್ಟು ತೂಕ? ಅದು ಗೊತ್ತಾಗದೆ ಇಲ್ಲಿ ಎಲ್ಲರೂ ಅವರವರ ಗಾಡಿ ಹೊಗಳುತ್ತಾ ಕೂರುತ್ತಾರೆ.

ಉಳಿ-ಬಾಚಿ

ವಾರಕ್ಕೆ ಎರಡು ಮೂರು ದಿನ. ಹೆಚ್ಚಿನವು ಊರೊಳಗಿನ ಸಣ್ಣ ಓಡಾಟ, ಅಪರೂಪಕ್ಕೆ ದೂರ. ಬೀರು, ಮಂಚ, ಅಡುಗೆಮನೆ ಕಪಾಟು, ಪ್ಲೈವುಡ್ ಹಲಗೆ. ತೂಕ 600-700 ಕೆ.ಜಿ. ದಾಟುವುದು ಕಮ್ಮಿ, ಜಾಗ ಮಾತ್ರ ಜಾಸ್ತಿ ಬೇಕು. ಪಿಕಪ್ ನೋಡಲು ಗಟ್ಟಿಮುಟ್ಟಾಗಿದೆ, ಅದರ ಮೇಲೂ ಮನಸ್ಸಿದೆ.

ಹಿಂಬದಿ ಕನ್ನಡಿ

ಬೀರು ಮಂಚಕ್ಕೆ ಪಿಕಪ್ ಬೇಡ. ಪಾಲಿಶ್ ಮಾಡಿದ ಮರ, ಮೇಲೆ ಟಾರ್ಪಾಲ್, ಅದರ ಮೇಲೆ ಮಳೆ. ಆಮೇಲೆ ಮೇಲ್ಹೊದಿಕೆ ಕಟ್ಟಿಸುತ್ತೀರಿ, ಅದಕ್ಕೆ ದುಡ್ಡು, ಅದರ ತೂಕ ಬೇರೆ. ಕೊನೆಗೆ ಕೈಗೆ ಬರುವುದು ಅರ್ಧ ವ್ಯಾನ್. ವ್ಯಾನಿನ ತಳ ತಗ್ಗಿನಲ್ಲಿರುತ್ತದೆ, ಎತ್ತಿ ಇಳಿಸುವ ಬೆನ್ನಿಗೆ ಅದು ದೊಡ್ಡ ಉಪಕಾರ. ಬೀಗ ಹಾಕಿದರೆ ಉಪಕರಣ ಒಳಗೇ ಬಿಟ್ಟು ಊಟಕ್ಕೆ ಹೋಗಬಹುದು.

ಪಿಕಪ್ ಬೇಕಾಗುವುದು ಮರಳು, ಜಲ್ಲಿ, ಗೊಬ್ಬರ, ಕೆಸರಿನ ದಾರಿ ಇದ್ದಾಗ. ಫೋರ್ ವೀಲ್ ಡ್ರೈವ್ ಅಂತೂ ಕೆಸರೇ ಇಲ್ಲದವರಿಗೆ ಶುದ್ಧ ದಂಡ. ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಷಿಯಲ್, ಅವಕ್ಕೆಲ್ಲ ಬೇರೆ ಬೇರೆ ಆಯಿಲ್, ಮೇಲಿಂದ ಜಾಸ್ತಿ ಇಂಧನ. ಹಿಂದೆ ಗಟ್ಟಿ ಲೀಫ್ ಸ್ಪ್ರಿಂಗ್ ಇರುವ ಪಿಕಪ್ಪು ಖಾಲಿ ಓಡುವಾಗ ಕುಣಿಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಂಬದಿ ಜಾರುತ್ತದೆ.

ತೂಕದ ವಿಷಯದಲ್ಲಿ ಒಂದು ಎಚ್ಚರಿಕೆ. ಜಾಹೀರಾತಿನಲ್ಲಿ ಬರೆದ ಭಾರ ನಿಮ್ಮ ಸರಕಿಗೆ ಪೂರ್ತಿ ಸಿಗುವುದಿಲ್ಲ. ಗಾಡಿಯ ಒಟ್ಟು ತೂಕದ ಮಿತಿಯಲ್ಲಿ ಖಾಲಿ ಗಾಡಿಯ ತೂಕ ಕಳೆಯಿರಿ. ಉಳಿದದ್ದರಲ್ಲಿ ಜೊತೆಗೆ ಬರುವ ಆಳು, ಶೆಲ್ಫ್, ಉಪಕರಣದ ಪೆಟ್ಟಿಗೆ, ಮೇಲಿನ ಕ್ಯಾರಿಯರ್ ಎಲ್ಲ ಕಳೆಯಬೇಕು. ಖಾಲಿ ತೂಕದಲ್ಲಿ ಡ್ರೈವರ್ ಮತ್ತು ಇಂಧನ ಸೇರಿದೆಯೋ ಇಲ್ಲವೋ ಅನ್ನುವುದೂ ಒಂದೊಂದು ಕಡೆ ಒಂದೊಂದು ಥರ. 900 ಅಂದದ್ದು 600 ಆಗುವುದು ಕಷ್ಟವೇ ಇಲ್ಲ. ಮಿತಿ ಮೀರಿ ಹೇರಿ ಅಪಘಾತ ಆದರೆ ವಿಮೆಯವರು ಕೈ ಎತ್ತಲು ಅದೊಂದೇ ನೆಪ ಸಾಕು.

ತಂತಿ-ಬಲ್ಬು

ವಿಮೆ ಅಂದಾಗ ನೆನಪಾಯಿತು. ಸ್ವಂತ ಬಳಕೆಯ ಪಾಲಿಸಿ ಇಟ್ಟುಕೊಂಡು ವ್ಯಾಪಾರದ ಸರಕು ಸಾಗಿಸಬೇಡಿ. ಪ್ರೀಮಿಯಂ ಅಗ್ಗ, ಕ್ಲೇಮ್ ಬರುವುದಿಲ್ಲ. ಗಾಡಿಯ ವಿಮೆ ಬೇರೆ, ಒಳಗಿನ ಸರಕಿನದು ಬೇರೆ, ಉಪಕರಣಗಳದು ಬೇರೆ. ಲೀಸ್ ಗಾಡಿ ಕಳವಾದರೆ ವಿಮೆಯವರು ಅವತ್ತಿನ ಮಾರುಕಟ್ಟೆ ಬೆಲೆ ಕೊಡುತ್ತಾರೆ. ಲೀಸ್ ಬಾಕಿ ಅದಕ್ಕಿಂತ ಜಾಸ್ತಿ ಇದ್ದರೆ ನಡುವಿನದ್ದು ನೀವು ತುಂಬಬೇಕು. ಆ ಅಂತರಕ್ಕೆಂದೇ ಒಂದು ವಿಮೆ ಸಿಗುತ್ತದೆ, ಕೇಳಿ ನೋಡಿ.

ಪ್ಲಗ್ ಹಾಕಿ

ಊರೊಳಗೆ ಸಣ್ಣ ಓಡಾಟ, ಕಮ್ಮಿ ತೂಕ. ಇದು ಎಲೆಕ್ಟ್ರಿಕ್ ವ್ಯಾನಿಗೆ ಹೇಳಿ ಮಾಡಿಸಿದ ಕೆಲಸ ಅಲ್ವಾ? ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಟೈಮಿಂಗ್ ಬೆಲ್ಟ್ ಇಲ್ಲ. ನಿಧಾನ ಮಾಡುವಾಗ ಮೋಟರ್ರೇ ಗಾಡಿಯನ್ನು ಹಿಡಿಯುವುದರಿಂದ ಬ್ರೇಕ್ ಪ್ಯಾಡ್ ಬಹಳ ಕಾಲ ಬರುತ್ತದೆ. ಯಾರೂ ಯಾಕೆ ಹೇಳುತ್ತಿಲ್ಲ?

ಲೆಕ್ಕದ ಪುಸ್ತಕ

ಹೇಳಿದ್ದೆಲ್ಲ ನಿಜ. ಆದರೆ ಎಲೆಕ್ಟ್ರಿಕ್‌ನ ಉಳಿತಾಯ ಕಿ.ಮೀ. ಲೆಕ್ಕದಲ್ಲಿ ಬರುತ್ತದೆ, ಹೆಚ್ಚುವರಿ ಬೆಲೆಯನ್ನು ಕೊಳ್ಳುವಾಗಲೇ ಕೊಡಬೇಕು. ದಿನಾ ಓಡಿದರೆ ಆ ಬೆಲೆ ವಾಪಸ್ ಬರುತ್ತದೆ. ವಾರಕ್ಕೆ ಎರಡು ದಿನ ಓಡಿದರೆ ನಿಧಾನ. ಬ್ಯಾಟರಿಯ ಭಾರ ಸರಕಿನ ಲೆಕ್ಕದಿಂದ ಕಳೆಯುತ್ತದೆ, ಟೈರ್ ಸವೆತವೂ ಜಾಸ್ತಿ. ರಾತ್ರಿ ನಿಲ್ಲಿಸುವ ಜಾಗದಲ್ಲೇ ಚಾರ್ಜಿಂಗ್ ಇದೆಯಾ ಅನ್ನುವುದು ಮೊದಲ ಪ್ರಶ್ನೆ. ಹೊರಗಿನ ಫಾಸ್ಟ್ ಚಾರ್ಜರನ್ನೇ ನಂಬಿದರೆ ಇಂಧನದ ಉಳಿತಾಯದಲ್ಲಿ ದೊಡ್ಡ ಪಾಲು ಅಲ್ಲೇ ಹೋಗುತ್ತದೆ. ಎಲೆಕ್ಟ್ರಿಕ್ ತೆಗೆದುಕೊಳ್ಳುವುದಾದರೆ ಮಾತ್ರ ಲೀಸನ್ನೇ ಮೊದಲು ನೋಡಿ ಅನ್ನುತ್ತೇನೆ. ಹಳೆಯದಾದಾಗ ಬೆಲೆ ಎಷ್ಟು ಉಳಿಯುತ್ತದೆ ಅನ್ನುವ ಅಪಾಯ ಲೀಸ್ ಕೊಟ್ಟವನ ಮೇಲೇ ಇರಲಿ.

ಗ್ರೀಸ್ ಕೈ

@ಉಳಿ-ಬಾಚಿ, ಊರೊಳಗೆ ಸಣ್ಣ ಓಡಾಟ ಅಂದರೆ ಹೊಸ ಕಾಲದ ಡೀಸೆಲ್ ಬೇಡವೇ ಬೇಡ. ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ, ಮಸಿ ಹಿಡಿಯುವುದು ಅದರ ಕೆಲಸ. ಹಿಡಿದ ಮಸಿಯನ್ನು ಅದು ಸುಟ್ಟುಕೊಳ್ಳಬೇಕಾದರೆ ಒಳಗೆ ಸುಮಾರು 600 ಡಿಗ್ರಿ ಬಿಸಿ ಬೇಕು. ಅದಕ್ಕೆ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಐದು ಕಿ.ಮೀ. ಹೋಗಿ ನಿಲ್ಲಿಸಿ, ಮತ್ತೆ ಐದು ಕಿ.ಮೀ. ಹೋದರೆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಬಹಳ ಗಾಡಿಗಳಲ್ಲಿ ಸುಡಲಿಕ್ಕೆಂದು ಸಿಲಿಂಡರಿಗೇ ಹೆಚ್ಚು ಡೀಸೆಲ್ ಬಿಡುತ್ತಾರೆ. ಅದರಲ್ಲಿ ಸ್ವಲ್ಪ ಕೆಳಗಿಳಿದು ಎಂಜಿನ್ ಆಯಿಲ್ ತೆಳ್ಳಗಾಗುತ್ತದೆ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದರೆ ಖುಷಿ ಪಡಬೇಡಿ, ಅದು ಡೀಸೆಲ್.

ಇದರ ಜೊತೆ ಹೊಗೆಯ ವಿಷ ತಗ್ಗಿಸುವ ಯೂರಿಯಾ ದ್ರಾವಣದ ಟ್ಯಾಂಕ್, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವ್. ದ್ರಾವಣ ಪೂರ್ತಿ ಖಾಲಿಯಾದ ಮೇಲೆ ಎಂಜಿನ್ ನಿಲ್ಲಿಸಿದರೆ, ತುಂಬುವ ತನಕ ಮತ್ತೆ ಸ್ಟಾರ್ಟ್ ಆಗದಂತೆ ಬಹಳ ಗಾಡಿಗಳಲ್ಲಿ ಕಟ್ಟು ಹಾಕಿರುತ್ತಾರೆ. ದೂರ ಓಡುವವರಿಗೆ ಡೀಸೆಲ್ ಲಾಭ, ನಿಮಗೆ ಅದು ತಲೆನೋವು. ಪೆಟ್ರೋಲ್ ವ್ಯಾನ್ ನೋಡಿ.

ಸ್ಟೆಪ್ನಿ

ಪೆಟ್ರೋಲಿನ ಮೈಲೇಜ್?

ಲೆಕ್ಕದ ಪುಸ್ತಕ

ಮೈಲೇಜಿನಲ್ಲಿ ಎರಡು ಕಿ.ಮೀ. ವ್ಯತ್ಯಾಸಕ್ಕೆ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಆ ಎರಡು ಎಲ್ಲಿ ಬರುತ್ತದೆ ಅನ್ನುವುದು ಮುಖ್ಯ. ವರ್ಷಕ್ಕೆ 30,000 ಕಿ.ಮೀ. ಓಡುವ ಗಾಡಿ ಲೀಟರಿಗೆ 8ರಿಂದ 10ಕ್ಕೆ ಏರಿದರೆ 750 ಲೀಟರ್ ಉಳಿತಾಯ. 10ರಿಂದ 12ಕ್ಕೆ ಏರಿದರೆ 500 ಮಾತ್ರ. ನಮ್ಮ ಬಡಗಿಯವರು 8,000 ಕಿ.ಮೀ. ಓಡಿಸಿದರೆ ಎಂದುಕೊಳ್ಳಿ. 10ಕ್ಕೂ 12ಕ್ಕೂ ವರ್ಷಕ್ಕೆ 133 ಲೀಟರ್ ಅಂತರ. ಅದಕ್ಕಾಗಿ ದುಬಾರಿ ಗಾಡಿ ಕೊಳ್ಳುವುದು ಲೆಕ್ಕಕ್ಕೆ ಕೂಡುವುದಿಲ್ಲ.

ದೂರ ಹೋಗುವಾಗ ವೇಗ ತಗ್ಗಿಸಿದರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ತಡೆ ಒಂದೂವರೆ ಪಟ್ಟು ದಾಟುತ್ತದೆ, ಅದೂ ವ್ಯಾನಿನಂಥ ಎತ್ತರದ ಗೋಡೆಗೆ. ಮೇಲಿನ ಖಾಲಿ ಕ್ಯಾರಿಯರ್ ಇಳಿಸಿಡಿ.

ಇನ್ನು ಯಾರೂ ಕೇಳದ ಪ್ರಶ್ನೆ. ನಿಮಗೆ ಸ್ವಂತ ಗಾಡಿ ಬೇಕೇ? ಮೇಲಿನ ಲೆಕ್ಕದಲ್ಲಿ ಬೆಲೆ ಇಳಿಕೆ, ಬಡ್ಡಿ ಸೇರಿ ವರ್ಷಕ್ಕೆ 18. ವಿಮೆ, ತೆರಿಗೆ, ನಿಲ್ಲಿಸುವ ಜಾಗ ಸೇರಿಸಿ 22 ಅನ್ನಿ. ಗಾಡಿ ಓಡಲಿ ನಿಲ್ಲಲಿ, ಈ ಖರ್ಚು ತಪ್ಪದು. ವರ್ಷಕ್ಕೆ 250 ದಿನ ಓಡಿದರೆ ದಿನಕ್ಕೆ ಗಾಡಿ ಬೆಲೆಯ ಶೇ. 0.09. 100 ದಿನ ಓಡಿದರೆ ಶೇ. 0.22. ನಿಮ್ಮ ಕಡೆಯ ಒಂದು ದಿನದ ಬಾಡಿಗೆ ಇದಕ್ಕಿಂತ ಕಮ್ಮಿ ಇದ್ದರೆ ಹೊಸ ಗಾಡಿ ಬೇಡ.

ಉಳಿ-ಬಾಚಿ

ಬಾಡಿಗೆ ಇದಕ್ಕಿಂತ ಸ್ವಲ್ಪ ಕಮ್ಮಿಯೇ ಬರುತ್ತಿದೆ ಸರ್. ಆದರೆ ಬೇಕಾದ ದಿನ ಸಿಗುವುದಿಲ್ಲ ಅನ್ನುವುದೇ ನನ್ನ ತೊಂದರೆ. ಹಬ್ಬದ ಮುಂಚೆ ಎಲ್ಲರಿಗೂ ಒಂದೇ ದಿನ ಮಂಚ ಬೇಕು.

ಲೆಕ್ಕದ ಪುಸ್ತಕ

ಹಾಗಾದರೆ ಇದೇ ಲೆಕ್ಕವನ್ನು ಹಳೇ ಗಾಡಿಗೆ ಹಾಕಿ. ಹೊಸದರ ಬೆಲೆ 100 ಇರುವಾಗ ಹಳೆಯದನ್ನು 40ಕ್ಕೆ ಕೊಂಡು ನಾಲ್ಕು ವರ್ಷಕ್ಕೆ 20ಕ್ಕೆ ಮಾರಿದರೆ ಇಳಿಕೆ ವರ್ಷಕ್ಕೆ 5. ಸಾಲ ಇಲ್ಲ. ವಿಮೆ, ತೆರಿಗೆ, ಜಾಗಕ್ಕೆ ಅದೇ 4, ರಿಪೇರಿಗೆ ಉದಾರವಾಗಿ 5 ಇಟ್ಟರೂ 14. ಆಗ 100 ದಿನಕ್ಕೆ ಹಂಚಿದರೆ ಹೊಸ ಗಾಡಿ ಬೆಲೆಯ ಶೇ. 0.14. ಈ ಸಲ ಸ್ಟೆಪ್ನಿಯವರ ಮಾತು ಸರಿ. ಗಾಡಿ ಕಮ್ಮಿ ಓಡುವವರಿಗೆ ನಿಂತ ಖರ್ಚು ಕಮ್ಮಿ ಇರಬೇಕು, ಓಡುವ ಖರ್ಚು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಬಹಳ ಓಡಿಸುವವರಿಗೆ ಇದು ಪೂರ್ತಿ ತಿರುಗುಮುರುಗು.

ಸ್ಟೆಪ್ನಿ

ಈ ಪುಟ ಫ್ರೇಮ್ ಹಾಕಿಸಿ ಇಡುತ್ತೇನೆ.

ತಂತಿ-ಬಲ್ಬು

ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ನಾನು ದಿನಾ ಓಡಿಸುವವನು. ದಂಡ ಕಟ್ಟಿದರೂ ಮುಂದಿನದ್ದು ಲೀಸೇ, ಸರ್ವಿಸ್ ಸೇರಿದ್ದು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುತ್ತದಾ ಅನ್ನುವ ಚಿಂತೆ ನನಗೆ ಬೇಡ. ಆದರೆ ಈ ಸಲ ಶೆಲ್ಫ್‌ಗೆ ತೂತು ಹೊಡೆಯುವುದಿಲ್ಲ, ತಳದ ಕೊಕ್ಕೆಗಳಿಗೆ ಬಿಗಿಯುವ ಚೌಕಟ್ಟು ಮಾಡಿಸುತ್ತೇನೆ. @ಉಳಿ-ಬಾಚಿ, ನೀವೇ ಮಾಡಿಕೊಡುತ್ತೀರಾ?

ಉಳಿ-ಬಾಚಿ

ಧಾರಾಳವಾಗಿ. ಅಳತೆ ಕಳಿಸಿ.

ಒಂದು ಪೆಟ್ರೋಲ್ ವ್ಯಾನ್ ಕಣ್ಣಿಗೆ ಬಿದ್ದಿದೆ, ಏಳು ವರ್ಷದ್ದು, ಒಬ್ಬರೇ ಓಡಿಸಿದ್ದು. ಭಾನುವಾರ ನೋಡಲು ಹೋಗುತ್ತೇನೆ. ಗ್ರೀಸ್ ಕೈ ಅವರೇ, ಏನೇನು ನೋಡಲಿ?

ಗ್ರೀಸ್ ಕೈ

ಎಂಜಿನ್ ತಣ್ಣಗಿರುವಾಗಲೇ ಹೋಗಿ. ಬಿಸಿ ಮಾಡಿ ಇಡಬೇಡಿ ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ತಣ್ಣಗಿನ ಎಂಜಿನ್ ಮೊದಲ ಸಲ ಸ್ಟಾರ್ಟ್ ಆಗುವಾಗ ಬರುವ ಸದ್ದು, ಹೊಗೆಯ ಬಣ್ಣ ಬಹಳ ಹೇಳುತ್ತವೆ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ.

ಜಾರುವ ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ, ರೋಲರ್ ಸವೆದಿದ್ದರೆ ಕೊನೆಯಲ್ಲಿ ಕೆಳಗೆ ಬೀಳುತ್ತದೆ. ಸರಕಿನ ಜಾಗದ ಹಾಸು ಎತ್ತಿ ತುಕ್ಕು ನೋಡಿ. ಚಕ್ರದ ಗೂಡು, ಹಿಂದಿನ ಲೀಫ್ ಸ್ಪ್ರಿಂಗ್ ಕೂಡ. ಪಟ್ಟಿ ಬಿರುಕು ಬಿಟ್ಟಿದ್ದರೆ, ಅಥವಾ ಒಂದು ಪಟ್ಟಿ ಮಾತ್ರ ಹೊಸದಾಗಿದ್ದರೆ, ಜಾಸ್ತಿ ಲೋಡ್ ಹೊತ್ತ ಗಾಡಿ ಇರಬಹುದು. ಮುಂದಿನ ಟೈರ್ ಒಂದೇ ಅಂಚಿನಲ್ಲಿ ಸವೆದಿದ್ದರೆ ಬರೀ ಅಲೈನ್‌ಮೆಂಟೋ ಬುಷ್ ಹೋಗಿದೆಯೋ ಕೇಳಿ. ಟೈಮಿಂಗ್‌ಗೆ ಬೆಲ್ಟ್ ಇದೆಯೋ ಚೈನ್ ಇದೆಯೋ ಹೋಗುವ ಮೊದಲೇ ತಿಳಿದುಕೊಳ್ಳಿ. ಓಡಿಸುವಾಗ ನಾಲ್ಕನೇ ಗೇರಿನಲ್ಲಿ ನಿಧಾನ ಇರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ, ಆ ಖರ್ಚು ಬೆಲೆಯಲ್ಲಿ ಕಳೆಯಿರಿ.

ಫೋಟೋ ಹಾಕಿ, ಬಿಲ್ಲುಗಳದ್ದೂ ಹಾಕಿ. ಭಾನುವಾರ ಸಂಜೆ ಇಲ್ಲೇ ಇರುತ್ತೇನೆ.